ಬಲ್ಲ ಮೂಲಗಳು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ವಾಯಾಫಾ ಎಂಬ ದ್ವೀಪದೂರಿನ ಹಿರಿಯ ಮಾತುಗಾರ ಪಲೇಪುವಾ ಗಿಳಿಮೀನು ತಿನ್ನುತ್ತಾ ಹೆಂಡತಿಯನ್ನು ಬೈಯಲು ಬಾಯಿ ತೆರೆದ. ಬೈಗುಳ ಹೊರಗೆ ಬರುವ ಮೊದಲೇ ಮುಳ್ಳು ಒಳಗೆ ಹೋಯಿತು.

ಮನೆಯವರು ಬೆಂದ ಟಾರೊ ಗೆಡ್ಡೆಯ ಉಂಡೆ ನುಂಗಿಸಿದರು, ಬಾಳೆಹಣ್ಣು ನುಂಗಿಸಿದರು, ಬೆನ್ನಿಗೆ ಗುದ್ದಿದರು. ಮುಳ್ಳು ಇಳಿಯಲಿಲ್ಲ, ದನಿ ಇಳಿದುಹೋಯಿತು. ಎಂಟು ಗಂಟೆಗೆ ಅವನನ್ನು ಪಿಕಪ್ ಗಾಡಿಯ ಹಿಂದೆ ಚಾಪೆ ಹಾಸಿ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ಮೂವತ್ತು ವರ್ಷ ಸಭೆಗಳಲ್ಲಿ ಊರಿನ ಪರವಾಗಿ ಗುಡುಗಿದ್ದ ಗಂಟಲಿನಿಂದ ತೂತು ಬಿದ್ದ ಸೈಕಲ್ ಟ್ಯೂಬಿನ ಸದ್ದು ಬರುತ್ತಿತ್ತು.

ಹನ್ನೊಂದು ಗಂಟೆಗೆ ಫಂಗಲೋಟೊ ಊರಿನ ನೆಂಟರು ಬರುವವರಿದ್ದರು.

ಬರೀ ನೆಂಟರಾಗಿದ್ದರೆ ಹೆದರಬೇಕಾಗಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಊರ ನಡುವಿನ ಇದೇ ಸಭಾ ಮೈದಾನದಿಂದ ಅವರು, ನೆಂಟರಿಗೆ ಹಂಚುವ ಬೇರಿನ ಪಾನೀಯ ಕಾವಾದ ಬಟ್ಟಲಿಗೆ ತುಟಿ ಹಚ್ಚದೆ ಎದ್ದು ಹೋಗಿದ್ದರು. ವಾಯಾಫಾದ ದೊರೆಯ ಬಿರುದು ಲೆವಾಸಾ. ಫಂಗಲೋಟೊದ ದೊರೆಯ ಬಿರುದು ಸಾಲಿಮಾ. ಹದಿನಾರು ತಲೆಮಾರಿನ ಹಿಂದೆ ಆ ಬಿರುದುಗಳನ್ನು ಮೊದಲು ಹೊತ್ತವರು ಒಡಹುಟ್ಟಿದವರು ಎಂಬುದನ್ನು ಎರಡೂ ಊರು ಒಪ್ಪುತ್ತವೆ. ಅಣ್ಣ ಯಾರು, ತಮ್ಮ ಯಾರು ಎಂಬಲ್ಲಿ ಒಪ್ಪುವುದಿಲ್ಲ. ಅಂದು ಪಲೇಪುವಾ ಭಾಷಣದಲ್ಲಿ ಲೆವಾಸಾನ ಹೆಸರನ್ನು ಮೊದಲು ಹೇಳಿದ. ಅಷ್ಟೆ. ಅವತ್ತಿನಿಂದ ಎರಡು ಊರಿನ ನಡುವೆ ಕೊಟ್ಟು ತರುವುದು ನಿಂತಿತು, ಸತ್ತರೆ ಮಣ್ಣಿಗೆ ಹೋಗುವುದೂ ನಿಂತಿತು. ಈಗ ಲೆವಾಸಾನ ಹೊಸ ಸಭಾಮನೆಯ ಪ್ರವೇಶದ ನೆಪದಲ್ಲಿ ಪಾದ್ರಿಗಳು ಓಡಾಡಿ ರಾಜಿ ಕುದುರಿಸಿದ್ದರು. “ಈ ಸಲ ಏನು ಹೇಳ್ಬೇಕು ಅಂತ ನಂಗೊಬ್ಬನಿಗೆ ಗೊತ್ತು” ಎಂದು ಪಲೇಪುವಾ ತಿಂಗಳಿಂದ ಎದೆ ತಟ್ಟಿಕೊಳ್ಳುತ್ತಿದ್ದ. ಏನು ಹೇಳಬೇಕೆಂದು ಯಾರಿಗೂ ಬಾಯಿಬಿಟ್ಟಿರಲಿಲ್ಲ.

ದೊರೆ ಲೆವಾಸಾ ಊರಿನ ಉಳಿದ ಮಾತುಗಾರರನ್ನು ಕರೆಸಿದ. ಬೇರೆ ದಿನವಾಗಿದ್ದರೆ ಮೈದಾನದಲ್ಲಿ ಮಾತಾಡುವ ಹಕ್ಕಿಗಾಗಿ ಇವರೆಲ್ಲ ಒಂದು ಗಂಟೆ ಕಿತ್ತಾಡುತ್ತಿದ್ದರು. ಅದು ಮುಗಿಯುವವರೆಗೆ ನೆಂಟರು ಬಿಸಿಲಲ್ಲಿ ಒಣಗಬೇಕಾಗುತ್ತಿತ್ತು. ಇವತ್ತು ಒಬ್ಬೊಬ್ಬರೂ ಮದುವಣಗಿತ್ತಿಯಂತೆ ತಲೆ ತಗ್ಗಿಸಿ ಕೂತಿದ್ದರು. ಒಬ್ಬನಿಗೆ ಹಲ್ಲುನೋವು ಶುರುವಾಗಿತ್ತು. ಇನ್ನೊಬ್ಬನ ಹೆಂಡತಿಯ ಕಡೆಯವರು ಫಂಗಲೋಟೊದವರು, ಬಾಯಿ ಬಿಟ್ಟರೆ ಮನೆ ಬಿಡಬೇಕಾಗುತ್ತಿತ್ತು. ಮೂರನೆಯವನು, “ನಮ್ಮಲ್ಲಿ ಭಾಷಣದ ಅಭ್ಯಾಸ ಯಾರಿಗೆ ಜಾಸ್ತಿ ಅಂದ್ರೆ...” ಎಂದು ಬಾಗಿಲ ಕಡೆ ನೋಡಿದ. ಎಲ್ಲರೂ ಬಾಗಿಲ ಕಡೆ ನೋಡಿದರು. ಅಲ್ಲಿ ಪೆನಿ ಕೂತಿದ್ದ.

ಪೆನಿ ಹತ್ತೊಂಬತ್ತು ವರ್ಷ ರಾಜಧಾನಿ ಆಪಿಯಾದ ರೇಡಿಯೊದಲ್ಲಿ ಸಾವಿನ ಸುದ್ದಿ, ಹವಾಮಾನ ಮತ್ತು ಕಳೆದುಹೋದ ಹಂದಿಗಳ ಪ್ರಕಟಣೆ ಓದಿದವನು. ಎಂಟು ತಿಂಗಳ ಹಿಂದೆ ಊರಿಗೆ ಬಂದಾಗ ಮನೆತನದ ಫುವಾಟಾ ಎಂಬ ಬಿರುದು ಅವನ ಹೆಗಲಿಗೇರಿತ್ತು. ಮಾತುಗಾರರ ಸಾಲಿನಲ್ಲಿ ಕೊನೆಯ ಬಿರುದು. ಸ್ವರ ಜೇನಿನಂಥದ್ದು ನಿಜ. ಆದರೆ ಕಾಗದ ನೋಡದೆ ಅವನು ಜೀವನದಲ್ಲಿ ಮೂರು ವಾಕ್ಯ ಒಟ್ಟಿಗೆ ಆಡಿದ್ದಿಲ್ಲ. ಮೈದಾನದಲ್ಲೋ, ಕಾಗದ ಹಿಡಿದ ಮಾತುಗಾರನೆಂದರೆ ಊರುಗೋಲು ಹಿಡಿದ ಓಟಗಾರ.

“ನಂಗೆ ಆ ವಂಶಾವಳಿ ಗೊತ್ತಿಲ್ಲ, ದೊರೆ” ಎಂದ ಪೆನಿ.

“ಯಾರಿಗೆ ಗೊತ್ತು?” ಎಂದ ಲೆವಾಸಾ. ಅವನ ದನಿ ಮೆತ್ತಗಿತ್ತು, ಹೆದರಿಸಿದ್ದು ಅದೇ. “ನನ್ನ ಅಕ್ಕನ್ನ ಆ ಊರಿಗೆ ಕೊಟ್ಟಿರೋದು ನಿಂಗೆ ಗೊತ್ತಲ್ಲ. ಇಪ್ಪತ್ತು ವರ್ಷ ಆಯ್ತು ಅವಳು ಈ ಮನೆ ಮೆಟ್ಟಿಲು ಹತ್ತಿ. ಎಂಬತ್ತಾಯ್ತು ಅವಳಿಗೆ. ಇವತ್ತು ಅವರ ಜೊತೆ ಬರ್ತಿದಾಳೆ. ಇವತ್ತು ಎದ್ದು ಹೋದ್ರೆ ಇನ್ನೊಂದ್ಸಲ ಬರಲ್ಲ.”

“ನಾನೇನಾದ್ರೂ ತಪ್ಪಿದ್ರೆ...”

“ಹತ್ತು ಹಂದಿ ದಂಡ. ಆ ಬಿರುದೂ ಬಿಚ್ಚಿಡ್ಬೇಕಾಗತ್ತೆ.”

ಪೆನಿಯ ಹಟ್ಟಿಯಲ್ಲಿ ಇದ್ದದ್ದು ಎರಡು ಹಂದಿ. ಒಂದಕ್ಕೆ ಕುಂಟು.

ಅವನು ಮೊದಲು ಗಾಡಿಯವನಿಗೆ ಫೋನ್ ಮಾಡಿದ. ಗಾಡಿಯವನು ಫೋನನ್ನು ಪಲೇಪುವಾನ ಬಾಯಿಗೆ ಹಿಡಿದ. ಎರಡು ನಿಮಿಷ ಅದರಿಂದ ಕುದಿಯುವ ಕೆಟಲಿನಂತೆ ಸುಯ್‌ ಎಂಬ ಸದ್ದು ಬಂತು. “ಎಲ್ಲ ವಿವರವಾಗಿ ಹೇಳಿದ್ರಪ್ಪ” ಎಂದ ಗಾಡಿಯವನು. “ಇನ್ನೊಂದ್ಸಲ ಬೇಕಾ?”

ಅಲ್ಲಿಂದ ಪಲೇಪುವಾನ ಮನೆಗೆ ಓಡಿದ. ವಂಶಾವಳಿ ಬರೆದಿಟ್ಟ ಪುಸ್ತಕವೊಂದು ಆ ಮನೆಯ ಮರದ ಪೆಟ್ಟಿಗೆಯಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಪೆಟ್ಟಿಗೆಯ ಮೇಲೆ ಪಲೇಪುವಾನ ಹೆಂಡತಿ ಕೂತು ಚಾಪೆ ಹೆಣೆಯುತ್ತಿದ್ದಳು. ಬೆಟ್ಟದಂಥ ಹೆಂಗಸು.

“ಅಮ್ಮ, ಆ ಪುಸ್ತಕ ಒಂದು ನಿಮಿಷ.”

“ಹೆತ್ತ ಮಗನಿಗೇ ತೋರ್ಸಿಲ್ಲ ಅವರು. ಅವರು ಹೋದ ಮೇಲೆ ಬಾ.”

“ಆಸ್ಪತ್ರೆಗೆ ಹೋದ್ರಲ್ಲ.”

“ಆ ಹೋಗೋದಲ್ಲ” ಎಂದಳು ಆಕೆ, ಗರಿಯನ್ನು ಹಲ್ಲಿನಿಂದ ಸೀಳುತ್ತಾ.

ಪಾದ್ರಿಗಳ ಮನೆಯಲ್ಲಿ ನೂರು ವರ್ಷದ ಹಿಂದೆ ಯಾವನೋ ಬಿಳಿಯ ಬರೆದ ದಪ್ಪ ಪುಸ್ತಕವಿತ್ತು. ಪಾದ್ರಿಗಳು ಕನ್ನಡಕ ಹಾಕಿ ಹುಡುಕಿದರು. “ಇಲ್ಲಿದೆ ನೋಡು. ನೂರಾ ಹನ್ನೆರಡನೇ ಪುಟ. ಮೊದಲ ಲೆವಾಸಾ ಅಣ್ಣ, ಮೊದಲ ಸಾಲಿಮಾ ತಮ್ಮ.” ಪೆನಿಗೆ ಜೀವ ಬಂತು. ಕಾಗದದ ಮೇಲೆ ಬರೆದುಕೊಂಡ. ಪಾದ್ರಿಗಳು ಪುಟ ತಿರುಗಿಸುತ್ತಲೇ ಇದ್ದರು. “ತಡಿ. ಇನ್ನೂರಾ ನಾಲ್ಕನೇ ಪುಟದಲ್ಲಿ ಸಾಲಿಮಾ ಅಣ್ಣ, ಲೆವಾಸಾ ತಮ್ಮ.”

“ಒಂದೇ ಪುಸ್ತಕದಲ್ಲಾ?”

“ಅಡಿಟಿಪ್ಪಣಿ ಇದೆ. ಮೊದಲನೇದು ವಾಯಾಫಾದ ಮಾತುಗಾರ ಹೇಳಿದ್ದು. ಎರಡನೇದು ಫಂಗಲೋಟೊದ ಮಾತುಗಾರ ಹೇಳಿದ್ದು. ಇಬ್ಬರಿಗೂ ಒಂದೊಂದು ಡಬ್ಬಿ ಹೊಗೆಸೊಪ್ಪು ಕೊಟ್ಟೆ ಅಂತ ಬರ್ದಿದಾನೆ.” ಪಾದ್ರಿಗಳು ಪುಸ್ತಕ ಮುಚ್ಚಿದರು. “ಆದ್ರೆ ಒಂದು ಮಾತು ಪೆನಿ. ಏನೇ ಹೇಳು, ಶುದ್ಧವಾಗಿ ಹೇಳು. ಟ ಇರೋ ಕಡೆ ಬೀದಿಮಾತಿನ ಥರ ಕ ಅನ್ಬೇಡ, ಟಕಾರ ಬಿಡಬೇಡ.”

ಮನೆಗೆ ಬಂದರೆ ಸೋದರತ್ತೆ ಮಕೆರಿಟಾ ಕಾಯುತ್ತಿದ್ದಳು. ಅರವತ್ತೆಂಟು ವರ್ಷದ ಈ ಹೆಂಗಸು ಮೈದಾನದಲ್ಲಿ ಒಮ್ಮೆಯೂ ಮಾತಾಡಿದವಳಲ್ಲ, ಆದರೆ ಮಾತಾಡಿದವರಲ್ಲಿ ಅವಳಿಂದ ಬೈಸಿಕೊಳ್ಳದವರಿಲ್ಲ.

“ಎಲ್ಲಿ, ಶುರು ಮಾಡು ನೋಡಣ.”

ಪೆನಿ ಗಂಟಲು ಸರಿಮಾಡಿಕೊಂಡು ಎರಡು ಸಾಲು ಹೇಳಿದ.

“ಅಯ್ಯೋ ನನ್ನ ಕರ್ಮ. ಚಂಡಮಾರುತ ಬರ್ತಿದೆಯೇನೋ? ಹವಾಮಾನ ಓದ್ದಂಗಿದೆ. ಟಕಾರ ದೇವರಿಗೆ, ಇಸ್ಕೂಲಿಗೆ, ರೇಡಿಯೊಗೆ. ಮೈದಾನದಲ್ಲಿ ಟ ಅನ್ನೋ ಕಡೆಯೆಲ್ಲ ಕ ಅನ್ಬೇಕು. ಗಂಡಸರ ಮಾತು ಕಣೋ ಅದು.”

“ಪಾದ್ರಿಗಳು ಟಕಾರ ಬಿಡಬೇಡ ಅಂದ್ರು.”

“ಪಾದ್ರಿಗಳ ಹಂದಿನಾ ದಂಡಕ್ಕೆ ಹೋಗೋದು? ಆಮೇಲೆ ದೊರೆ ಉಣ್ಣೋದಕ್ಕೆ ಒಂದು ಮಾತು, ಮಾತುಗಾರ ಉಣ್ಣೋದಕ್ಕೆ ಬೇರೆ ಮಾತು. ಅದಲುಬದಲು ಮಾಡೀಯ. ಹೋದ ತಿಂಗಳು ನೀನು ದೊರೆಗೆ ‘ತಿಂದ್ರಾ’ ಅಂದಿದ್ದು ಇನ್ನೂ ಊರು ಆಡ್ಕೊಳ್ತಿದೆ.”

“ಅಣ್ಣ ಯಾರು ಅಂತ ಹೇಳು ಅತ್ತೆ, ಅದು ಸಾಕು.”

“ನಮ್ಮ ಲೆವಾಸಾನೇ. ಅದರಲ್ಲಿ ಕೇಳೋದೇನಿದೆ?”

“ನಿಂಗೆ ಯಾರು ಹೇಳಿದ್ದು?”

ಮಕೆರಿಟಾ ಅವನನ್ನು ಕೆಟ್ಟದಾಗಿ ನೋಡಿದಳು. “ನಾನೇ ಹೇಳ್ತಿದೀನಲ್ಲೋ.”

ಅಷ್ಟರಲ್ಲಿ ಶಂಖ ಮೊಳಗಿತು. ನೆಂಟರ ಬಸ್ಸು ಊರ ಬಾಗಿಲಿಗೆ ಬಂದಿತ್ತು.

ಪೆನಿ ಕೈಗೆ ಸಿಕ್ಕಿದ ಕಾಗದದ ಚೂರಿನಲ್ಲಿ ನೆಂಟರ ಬಿರುದಾವಳಿಯ ಮೊದಲಕ್ಷರಗಳನ್ನು ಬರೆದ, ಕೊನೆಗೆ ‘ಅಣ್ಣ ಯಾರು??’ ಎಂದು ಬರೆದು ಎರಡು ಗೆರೆ ಎಳೆದ. ಹೆಗಲಿಗೆ ಹಾಕಿಕೊಳ್ಳುವ ತೆಂಗಿನ ನಾರಿನ ಚಾಮರದ ಜುಟ್ಟಿನೊಳಗೆ ಅದನ್ನು ಸಿಕ್ಕಿಸಿದ. ಬರಿಮೈಗೆ ಎಣ್ಣೆ ಹಚ್ಚಿ, ಸೊಂಟಕ್ಕೆ ತೊಗಟೆಬಟ್ಟೆ ಸುತ್ತಿ, ಮಾತುಗಾರರ ಉದ್ದ ಕೋಲು ಹಿಡಿದು ಮೈದಾನಕ್ಕೆ ಇಳಿದ.

ಎದುರಿಗೆ ಅತಿಥಿಮನೆಯಲ್ಲಿ ಕಂಬಕ್ಕೊಬ್ಬರಂತೆ ಫಂಗಲೋಟೊದ ಹಿರಿಯರು ಕೂತಿದ್ದರು. ನಡುವೆ ದೊರೆ ಸಾಲಿಮಾ, ಒಣಗಿದ ಶುಂಠಿಯಂಥ ಮುದುಕ. ಅವನ ಪಕ್ಕ ಅವರ ಮಾತುಗಾರ ಮಾನುಸೀನಾ. ಮೂರು ಊರಿನವರನ್ನು ಮಾತಿನಲ್ಲೇ ಅಳಿಸಿ ಕಳಿಸಿದ್ದಾನೆಂದು ಹೆಸರಾದವನು. ಹೆಂಗಸರ ಸಾಲಿನ ಕೊನೆಯಲ್ಲಿ ಲೆವಾಸಾನ ಅಕ್ಕ. ಆಕೆ ಯಾರನ್ನೂ ನೋಡುತ್ತಿರಲಿಲ್ಲ. ಹೊಸ ಸಭಾಮನೆಯ ಹಿಂದಿದ್ದ ಹಳೆಯ ಹಲಸಿನಂಥ ಬ್ರೆಡ್‌ಫ್ರೂಟ್ ಮರವನ್ನೇ ನೋಡುತ್ತಿದ್ದಳು. ಕೈಚೀಲವನ್ನು ಮಡಿಲಿನಿಂದ ಕೆಳಗೆ ಇಟ್ಟಿರಲಿಲ್ಲ. ಯಾವ ಗಳಿಗೆಯಲ್ಲಾದರೂ ಏಳಬೇಕಾಗಬಹುದು ಎಂದು ಅವಳಿಗೆ ಗೊತ್ತಿತ್ತು.

ಪೆನಿ ರೂಢಿಯಂತೆ ಚಾಮರವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬೀಸಿದ. ಕಾಗದ ಹಾರಿತು. ಗಾಳಿಯಲ್ಲಿ ಎರಡು ಸುತ್ತು ಹೊಡೆದು ನೇರವಾಗಿ ಹೋಗಿ ಮಾನುಸೀನಾನ ಮುಂದೆ ಇಳಿಯಿತು. ಮಾನುಸೀನಾ ಅದನ್ನು ನೋಡಿದ. ಪೆನಿಯನ್ನು ನೋಡಿದ. ಆಮೇಲೆ ಕಾಲು ಬದಲಿಸುವವನಂತೆ ಸರಿದು ಅದರ ಮೇಲೆ ಕೂತುಬಿಟ್ಟ.

ಈಗ ಪೆನಿಯ ಬಳಿ ಉಳಿದದ್ದು ಹತ್ತೊಂಬತ್ತು ವರ್ಷದ ಸಾವಿನ ಸುದ್ದಿ ಮಾತ್ರ. ಅದೇ ಕೈ ಹಿಡಿಯಿತು. ಫಂಗಲೋಟೊದಲ್ಲಿ ಯಾವ ದೊಡ್ಡವರು ಸತ್ತರೂ ಅವರ ಮನೆತನದ ಬಿರುದುಗಳನ್ನೆಲ್ಲ ಅವನೇ ರೇಡಿಯೊದಲ್ಲಿ ಓದಿದ್ದ. ಬಾಯಿ ತಾನಾಗಿ ಓಡಿತು. ಒಂದೊಂದು ಬಿರುದೂ ಸರಿಯಾದ ಜಾಗದಲ್ಲಿ ಬಂದು ಕೂತಿತು. ಮೊದಮೊದಲು ಟಕಾರ ಕೇಳಿ ಹೆಂಗಸರು ಬೀಸಣಿಗೆಯ ಹಿಂದೆ ನಕ್ಕರು. ಹಿಂದಿನಿಂದ ಮಕೆರಿಟಾ “ಕ, ಕ” ಎಂದು ಕೋಳಿಯಂತೆ ಪಿಸುಗುಟ್ಟಿದಳು. ಪೆನಿ ಗಾಬರಿಯಲ್ಲಿ ಟಕಾರವನ್ನೆಲ್ಲ ಕಕಾರ ಮಾಡಹೊರಟು ದೇವರ ಹೆಸರಿಗೂ ಅದನ್ನು ಅಂಟಿಸಿದ. ಪಾದ್ರಿಗಳು ಕಣ್ಣು ಮುಚ್ಚಿಕೊಂಡರು. ಆದರೂ ಫಂಗಲೋಟೊದ ಮುದುಕರು ತಲೆದೂಗುತ್ತಿದ್ದರು.

ಕೊನೆಗೆ ಆ ಇಬ್ಬರು ಒಡಹುಟ್ಟಿದವರ ಹತ್ತಿರ ಮಾತು ಬಂತು.

ಪೆನಿ ನಿಲ್ಲಿಸಿದ. ಯಾವ ಹೆಸರನ್ನು ಮೊದಲು ಹೇಳಿದರೂ ಅರ್ಧ ಮೈದಾನ ಖಾಲಿಯಾಗುತ್ತದೆ. ಬಾಯಿಯೋ ಒಂದೇ, ಎರಡು ಹೆಸರು ಒಟ್ಟಿಗೆ ಹೊರಗೆ ಬರುವುದಿಲ್ಲ. ಮಾನುಸೀನಾ ಕತ್ತು ಮುಂದೆ ಚಾಚಿದ. ದೊರೆ ಲೆವಾಸಾ ಚಾಪೆಯ ಅಂಚನ್ನು ಹಿಡಿದುಕೊಂಡ. ಅವನ ಅಕ್ಕನ ಕೈ ಚೀಲದ ಹಿಡಿಯ ಮೇಲೆ ಬಿಗಿಯಿತು. ಅದು ಪೆನಿಗೆ ಕಂಡಿತು.

“ಆ ಇಬ್ಬರು...” ಎಂದ ಪೆನಿ. ಕೋಲನ್ನು ಇನ್ನೊಂದು ಕೈಗೆ ಬದಲಿಸಿದ. “ಒಂದೇ ತಾಯಿಯ ಬಸಿರಲ್ಲಿ, ಒಂದೇ ದಿನ, ಒಂದೇ ಹೊತ್ತಿನಲ್ಲಿ ಹುಟ್ಟಿದೋರು. ಅವಳಿ ಮಕ್ಕಳು.”

ಬೀಸಣಿಗೆಗಳು ನಿಂತವು.

ಮಾನುಸೀನಾ ನಿಧಾನವಾಗಿ ಕೇಳಿದ, “ಈ ಮಾತು ನಮ್ಮ ಕಿವಿಗೆ ಹೊಸದು. ಇದು ಯಾರ ಬಾಯಿಂದ ಬಂದದ್ದು, ಫುವಾಟಾ?”

ಪೆನಿಯ ತಲೆ ಪೂರ್ತಿ ಖಾಲಿಯಾಗಿತ್ತು. ಖಾಲಿ ತಲೆಯಲ್ಲಿ ಹತ್ತೊಂಬತ್ತು ವರ್ಷದ ರೇಡಿಯೊ ತಾನಾಗಿ ಚಾಲೂ ಆಯಿತು.

“ಎಂದು ಬಲ್ಲ ಮೂಲಗಳು ತಿಳಿಸಿವೆ” ಎಂದ.

ಅತ್ತೆ ಮಕೆರಿಟಾ ಹಣೆ ಹಿಡಿದುಕೊಂಡಳು. ಲೆವಾಸಾ ಮುಖ ಬೇರೆ ಕಡೆ ತಿರುಗಿಸಿದ. ಪೆನಿ ಮನಸ್ಸಿನಲ್ಲೇ ಹತ್ತು ಹಂದಿ ಯಾರ ಯಾರ ಹಟ್ಟಿಯಲ್ಲಿ ಸಿಗಬಹುದೆಂದು ಹುಡುಕತೊಡಗಿದ.

ಒಣಶುಂಠಿಯಂಥ ಸಾಲಿಮಾ ಮಾತ್ರ ಕಣ್ಣು ಸಣ್ಣ ಮಾಡಿ ಅವನನ್ನು ಬಹಳ ಹೊತ್ತು ನೋಡಿದ. ಅವನ ಕಾಲದಲ್ಲಿ ನಿಜವಾಗಿ ತಿಳಿದ ಮಾತುಗಾರ ತನಗೆ ಕಲಿಸಿದವರ ಹೆಸರನ್ನು ಸಾಯುವವರೆಗೂ ಹೇಳುತ್ತಿರಲಿಲ್ಲ. ತಿಳಿಯದವರು ಹತ್ತು ಹೆಸರು ಹೇಳುತ್ತಿದ್ದರು.

“ಮಾಲಿಯೆ” ಎಂದ ಸಾಲಿಮಾ.

ಚೆನ್ನಾಗಿ ಆಡಿದ ಮಾತಿಗೆ ಕೊಡುವ ಮೆಚ್ಚುಗೆ ಅದು. ಒಬ್ಬ ಹೇಳಿದ ಮೇಲೆ ಇನ್ನೊಬ್ಬ ಹೇಳಿದ. ಎರಡೂ ಕಡೆಯಿಂದ “ಮಾಲಿಯೆ, ಮಾಲಿಯೆ” ಎಂದು ಮಳೆ ಬಂದಂತೆ ಬಂತು. ಹೆಂಗಸರ ಸಾಲಿನಿಂದ ಲೆವಾಸಾನ ಅಕ್ಕ ಎದ್ದಳು. ಯಾರ ಅಪ್ಪಣೆಯನ್ನೂ ಕೇಳದೆ ಮೈದಾನ ದಾಟಿ ಬಂದು ತಮ್ಮನ ಪಕ್ಕ ಕೂತು, ಕೈಚೀಲವನ್ನು ಚಾಪೆಯ ಮೇಲೆ ಇಟ್ಟಳು. ತಮ್ಮ ಅವಳ ಮುಖಕ್ಕೆ ಬೀಸಣಿಗೆ ಬೀಸತೊಡಗಿದ.

ಕಾವಾ ಹಂಚಿದರು. ಈ ಸಲ ಯಾರೂ ಬಟ್ಟಲು ವಾಪಸು ಮಾಡಲಿಲ್ಲ. ಹಂದಿ, ಟಾರೊ, ತೆಂಗಿನಹಾಲಲ್ಲಿ ಬೆಂದ ಎಲೆಗಳು ಬಂದವು. ಪೆನಿ ಎಲೆ ಮುಟ್ಟದೆ ಅಡುಗೆಮನೆಯ ಹಿಂದೆ ಹೋಗಿ ಕಲ್ಲಿಗೆ ಒರಗಿ ಉಸಿರು ಬಿಟ್ಟ. ಯಾರೋ ಹೆಗಲು ಮುಟ್ಟಿದರು. ಮಾನುಸೀನಾ.

“ನಿನ್ನ ಕಾಗದ” ಎಂದು ಮಡಿಸಿದ ಚೂರನ್ನು ಕೈಗಿಟ್ಟ. “‘ಅಣ್ಣ ಯಾರು’ ಅಂತ ಕೇಳಿದೀಯ. ಗೆರೆ ಬೇರೆ ಎಳ್ದಿದೀಯ.”

ಪೆನಿ ಕಾಗದವನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿದ. “ಯಾರಿಗಾದ್ರೂ ತೋರ್ಸಿದ್ರಾ?”

“ತೋರ್ಸಿ ಏನು ಮಾಡ್ಲಿ? ನಂಗೂ ಗೊತ್ತಿಲ್ಲ ಕಣಯ್ಯ. ನಮ್ಮಪ್ಪ ಹೇಳ್ಕೊಡೋ ಹೊತ್ತಿಗೆ ನಿದ್ದೆ ಮಾಡ್ತಿದ್ದೆ.” ಮಾನುಸೀನಾ ಆಚೀಚೆ ನೋಡಿದ. “ಈಗ ನಾನು ಉತ್ತರ ಕೊಡ್ಬೇಕು. ಅವಳಿಗಳ ವಿಷಯ ನಮ್ಮ ಜನಕ್ಕೆ ಹಿಡಿಸಿದೆ. ಆದ್ರೆ ನಿಮ್ಮೂರೋನು ಹೇಳಿದ್ದನ್ನ ಫಂಗಲೋಟೊದ ಮಾತುಗಾರ ಬಾಯ್ಬಿಟ್ಕೊಂಡು ಕೇಳಿಸ್ಕೊಂಡ ಅಂತಾದ್ರೆ ನನ್ನ ಮರ್ಯಾದೆ ಏನಾಗ್ಬೇಡ? ನಾನೂ ಏನಾದ್ರೂ ಒಂದು ಸೇರಿಸ್ಬೇಕು. ಆ ತಾಯಿ ಹೆಸರೇನು?”

“ಯಾವ ತಾಯಿ?”

“ಅವಳಿಗಳನ್ನ ಹೆತ್ತೋಳು. ಬೇಗ ಹೇಳು, ಕರೀತಿದಾರೆ.”

ಪೆನಿಗೆ ಹಳೆಯ ಕಾಲದ ಹೆಸರೆಂದರೆ ನೆನಪಾದದ್ದು ಒಂದೇ. “ಸಿಲಾಫಾಯ್” ಎಂದ. ಅವನ ಅಜ್ಜಿ.

“ಯಾವ ಮನೆ ಮಗಳು?”

“ನಮ್ಮನೆ” ಎಂದುಬಿಟ್ಟ ಪೆನಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಒಂದೇ ದಿನ ಎರಡನೆಯದು ಹೊಂದಿಸಲು ಆಗಲಿಲ್ಲ.

ಮಾನುಸೀನಾ ಅಷ್ಟರಲ್ಲಿ ಹೊರಟಾಗಿತ್ತು.

ಅವನು ಮೈದಾನದಲ್ಲಿ ನಿಂತು ಕೋಲು ಊರಿದ. ದನಿ ದೂರದ ಗುಡುಗಿನಂತೆ ಉರುಳಿತು. ವಾಯಾಫಾದ ಮಾತುಗಾರ ಇವತ್ತು ಬಾಗಿಲನ್ನು ಅರ್ಧ ಮಾತ್ರ ತೆರೆದಿದ್ದಾನೆ, ಅದು ಅವನ ವಿನಯ ಎಂದ. ಉಳಿದರ್ಧ ತನ್ನ ಪಿತೃಗಳು ತನ್ನ ಕಿವಿಯಲ್ಲಿ ಇಟ್ಟು ಹೋಗಿದ್ದಾರೆ ಎಂದ. ಆ ಅವಳಿಗಳನ್ನು ಹೆತ್ತವಳು ಸಿಲಾಫಾಯ್, ಫುವಾಟಾ ಮನೆತನದ ಮಗಳು. ಎರಡು ಊರಿನ ದೊರೆತನವೂ ಮೊಳೆತದ್ದು ಆ ಚಿಕ್ಕ ಮನೆಯ ಚಾಪೆಯ ಮೇಲೆ ಎಂದ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲೇ ನೀರು ಬಂತು. ನೆರೆದವರ ಕಣ್ಣಲ್ಲೂ ಬಂತು.

ಮಕೆರಿಟಾ ಒಂದು ಕ್ಷಣ ಬೆರಗಾಗಿ ಕೂತಿದ್ದಳು. ಆಮೇಲೆ ಸೊಂಟದ ಬಟ್ಟೆ ಸರಿಮಾಡಿಕೊಂಡು ಎದ್ದು, ಪಾತ್ರೆ ತೊಳೆಯುವವರ ಸಾಲಿನಿಂದ ನೇರವಾಗಿ ದೊರೆಗಳ ಸಾಲಿಗೆ ನಡೆದು ಬಂದು ಕೂತಳು. ಯಾರೂ ತಡೆಯಲಿಲ್ಲ. “ನಂಗೆ ಮೊದಲಿಂದ ಗೊತ್ತಿತ್ತು” ಎಂದು ಪಕ್ಕದವರಿಗೆ ಹೇಳಿದಳು. “ದೊಡ್ಡಸ್ತಿಕೆ ಯಾಕೆ ಅಂತ ಹೇಳಿರಲಿಲ್ಲ.”

ಹಲ್ಲುನೋವಿನ ಮಾತುಗಾರ ಬಂದು ಪೆನಿಯ ಕೈ ಹಿಡಿದುಕೊಂಡು ದೊರೆಗಳ ನಡುವೆ ಕೂರಿಸಿದ. ಒಂದು ಪಕ್ಕದಲ್ಲಿ ಲೆವಾಸಾ, ಇನ್ನೊಂದು ಪಕ್ಕದಲ್ಲಿ ಸಾಲಿಮಾ. ಹಂದಿಯ ಬೆನ್ನಿನ ತುಂಡು, ದೊರೆಗಳಿಗೆ ಮಾತ್ರ ಸಲ್ಲುವುದು, ಪೆನಿಯ ಎಲೆಗೆ ಬಂತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನಿಗೆ ಹಸಿವಾಯಿತು. ಒಂದು ತುಂಡು ಬಾಯಿಗಿಟ್ಟ.

“ಅವಳಿಗಳು” ಎಂದ ಮುದುಕ ಸಾಲಿಮಾ, ತೃಪ್ತಿಯಿಂದ. “ಚೆಂದದ ಮಾತು. ಇಪ್ಪತ್ತು ವರ್ಷ ಸುಮ್ನೆ ಹಾಳು ಮಾಡ್ಕೊಂಡ್ವಲ್ಲ.”

“ಸುಮ್ನೆ” ಎಂದ ಲೆವಾಸಾ.

“ಆದ್ರೂ” ಎಂದ ಸಾಲಿಮಾ, ಮೂಳೆಯೊಂದನ್ನು ಬೆರಳಲ್ಲಿ ತಿರುಗಿಸುತ್ತಾ, “ಅವಳಿ ಅಂದ್ರೂ ಇಬ್ಬರೂ ಒಟ್ಟಿಗೆ ಹೊರಗೆ ಬರೋಕಾಗಲ್ಲ. ಒಬ್ಬ ಮುಂಚೆ ಬಂದಿರ್ತಾನೆ.”

“ಬಂದೇ ಇರ್ತಾನೆ” ಎಂದ ಲೆವಾಸಾ. ಅವನ ಬೀಸಣಿಗೆ ನಿಧಾನವಾಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪ ದೂರದಲ್ಲಿ ಮಾನುಸೀನಾ ತಟಕ್ಕನೆ ತಲೆ ತಗ್ಗಿಸಿ ತನ್ನ ಎಲೆಯಲ್ಲಿದ್ದ ಟಾರೊ ಗೆಡ್ಡೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ.

“ಚೊಚ್ಚಲ ಹೆರಿಗೆ ತವರಲ್ಲೇ ಆಗಿರತ್ತೆ” ಎಂದಳು ಲೆವಾಸಾನ ಅಕ್ಕ, ಜಗಳ ಬಿಡಿಸುವವಳ ಒಳ್ಳೆಯತನದಿಂದ. “ತವರುಮನೆಯೋರಿಗೆ ಗೊತ್ತಿರತ್ತಪ್ಪ. ಅವರನ್ನ ಕೇಳಿದ್ರಾಯ್ತು.”

“ಸರಿಯಾಗಿ ಹೇಳಿದ್ರಿ” ಎಂದ ಸಾಲಿಮಾ. “ಅವರು ಹೇಳಿದ್ದಕ್ಕೆ ನಾನು ಕಟ್ಟುಬೀಳ್ತೀನಿ.”

“ನಾನೂ” ಎಂದ ಲೆವಾಸಾ.

“ಗೊತ್ತಿಲ್ದೆ ಏನು” ಎಂದಳು ಮಕೆರಿಟಾ ಊರಿಗೆಲ್ಲ ಕೇಳುವಂತೆ. “ಹದಿನಾರು ತಲೆಮಾರಿನಿಂದ ನಮ್ಮನೇಲಿ ಬಾಯಿಂದ ಬಾಯಿಗೆ ಬಂದಿದೆ. ಹೇಳೋ ಪೆನಿ, ಯಾರು ಮೊದಲು ಹುಟ್ಟಿದ್ದು?”

ಎರಡೂ ಊರಿನ ಇನ್ನೂರು ಬೀಸಣಿಗೆಗಳು ಒಟ್ಟಿಗೆ ನಿಂತವು. ಅಕ್ಕ ಚಾಪೆಯ ಮೇಲಿದ್ದ ಕೈಚೀಲವನ್ನು ಮೆಲ್ಲನೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಪೆನಿಯ ಬಾಯಲ್ಲಿ ದೊರೆಗಳ ತುಂಡು ಇತ್ತು. ಅದನ್ನು ನುಂಗಿದ ಮೇಲೆ ಮಾತಾಡಬೇಕಾಗುತ್ತಿತ್ತು, ಹಾಗಾಗಿ ಅವನು ಅಗಿಯುತ್ತಲೇ ಇದ್ದ.